ಲಿಂಗಯ್ಯ ಬಡಿದ ಬಿರಡೆ

ಚನ್ನಪಟ್ಟಣದ ಲಿಂಗಯ್ಯನ ಕೈಯಲ್ಲಿ ಎರಡು ಕಸುಬಿದ್ದವು. ಮೂವತ್ತು ವರ್ಷ ಲೇತಿನ ಮುಂದೆ ಕೂತು ಆಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡಿದ. ಚೀನಾದ ಪ್ಲಾಸ್ಟಿಕ್ ಬೊಂಬೆಗಳು ಅಂಗಡಿ ತುಂಬಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಫ್ರಿಜ್ ರಿಪೇರಿ ಕಲಿತ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದು, ಸಂಬಳದವರ ಮನೆಗಳಲ್ಲೆಲ್ಲ ಫ್ರಿಜ್ಜು ಬಂದು ಕೂರುತ್ತಿದ್ದ ಕಾಲ, ಕೆಲಸಕ್ಕೆ ಬರವಿರಲಿಲ್ಲ. ಅಡುಗೆ ಗ್ಯಾಸಿನ ಪೈಪಿನ ಕೆಲಸವನ್ನು ಮಾತ್ರ ಯಾರೂ ಅವನಿಗೆ ಕಲಿಸಿರಲಿಲ್ಲ. ಕಲಿಸುವವರನ್ನು ಅವನೂ ಹುಡುಕಿರಲಿಲ್ಲ.

೨೦೦೬ರ ಏಪ್ರಿಲ್‌ನಲ್ಲಿ ಕೋಡಿಹಳ್ಳಿ ಹತ್ತಿರದ ಒಂದು ಕಲ್ಲು ಕ್ವಾರಿಯಿಂದ ಅವನಿಗೆ ಕರೆ ಬಂತು. ಕ್ವಾರಿಯ ಮಾಲೀಕರು ಹೊರದೇಶದಿಂದ ಒಂದು ಮೋಟಾರು ಮನೆ ತರಿಸಿದ್ದರು. ಹೊರಗೆ ಬಸ್ಸಿನ ಮೈ. ಒಳಗೆ ಹಾಸಿಗೆ, ಸೋಫಾ, ಬಚ್ಚಲು, ಅಡುಗೆಕಟ್ಟೆ. ಕಲ್ಲು ಕೊಳ್ಳಲು ಬರುವ ಪರದೇಶದ ಸಾಹೇಬರು ದೂಳು ತಾಕದಂತೆ ಕೂತು ಉಣ್ಣಲಿ ಅಂತ. ಆ ಕಲ್ಲು ಒಡೆಯುವವರು ಉಣ್ಣುತ್ತಿದ್ದದ್ದು ತಗಡಿನ ಶೆಡ್ಡಿನಲ್ಲಿ. ಮೋಟಾರು ಮನೆಗೆ ಅವರು 'ಮನೆಬಸ್ಸು' ಅಂತ ಹೆಸರಿಟ್ಟಿದ್ದರು.

ಮನೆಬಸ್ಸಿನ ಫ್ರಿಜ್ಜು ಕೆಟ್ಟಿತ್ತು. ಹೋಗಿ ನೋಡಿದರೆ ಲಿಂಗಯ್ಯ ಕಂಡರಿಯದ ಜಾತಿ. ಕಂಪ್ರೆಸರ್ರೇ ಇಲ್ಲ, ಬೆನ್ನ ಹಿಂದೆ ಸಣ್ಣದೊಂದು ಗ್ಯಾಸಿನ ಉರಿ, ಆ ಉರಿಯಿಂದಲೇ ಒಳಗೆ ತಣ್ಣಗಾಗಬೇಕು.

"ಬೆಂಕಿ ಹಚ್ಚುದ್ರೆ ಐಸ್ ಆಯ್ತದಾ ಸಾ?" ಅಂತ ನಕ್ಕ.

"ನಿಂಗ್ಯಾಕಯ್ಯ ಅದು? ಕಿತ್ತು ಬಿಸಾಕಿ, ಮನೇಲಿಡೋ ಫ್ರಿಜ್ಜು ಕೂರ್ಸು. ನಾಳೆ ಮಧ್ಯಾಹ್ನದೂಟಕ್ಕೆ ಗೆಸ್ಟ್ ಬತ್ತಾರೆ," ಅಂದ ಸೂಪರ್‌ವೈಸರ್ ಅನಂತರಾಜು.

ಹೊಸ ಫ್ರಿಜ್ಜು ಬಾಗಿಲಲ್ಲಿ ಹಿಡಿಸಲಿಲ್ಲ. ಕಿಟಕಿಯ ಚೌಕಟ್ಟು ಬಿಚ್ಚಿ, ಫ್ರಿಜ್ಜನ್ನು ಅಡ್ಡ ಮಲಗಿಸಿ ಒಳಗೆ ತೂರಿಸಿದರು. ಹಳೆಯದಿದ್ದ ಗೂಡಿನ ಪಟ್ಟಿಗಳನ್ನು ಕೊಯ್ದು ಜಾಗ ಮಾಡಿದ್ದಾಯಿತು. ಕೊನೆಗೆ ಉಳಿದದ್ದು ಹಳೇ ಫ್ರಿಜ್ಜಿಗೆ ಬರುತ್ತಿದ್ದ ಗ್ಯಾಸ್ ಪೈಪಿನ ಮೊಂಡು ತುದಿ. ಅಡುಗೆ ಒಲೆಗೂ ಅದೇ ಪೈಪಿನ ಕವಲು. ಹೊರಗಿನ ಪೆಟ್ಟಿಗೆಯಲ್ಲಿದ್ದ ಸಿಲಿಂಡರ್ ತಿರುಗಿಸಿದರೆ ಎರಡಕ್ಕೂ ಗ್ಯಾಸು ಹರಿಯುತ್ತಿತ್ತು. ಪೈಪಿನ ಅಳತೆ ವಿದೇಶದ್ದು. ಕನಕಪುರದ ಅಂಗಡಿಗಳ ಯಾವ ಹಿತ್ತಾಳೆ ಮುಚ್ಚಳವೂ ಅದಕ್ಕೆ ಕೂರಲಿಲ್ಲ.

"ಬೆಂಗ್ಳೂರಿಂದ ತರುಸ್ಬೇಕು ಸಾ. ಎಲ್ಡು ದಿನ ಆಯ್ತದೆ."

"ಎಲ್ಡು ದಿನವಾ? ನನ್ ಕೆಲ್ಸ ಹೋಯ್ತದೆ ಕಣಯ್ಯ. ಏನಾರ ಹಾಕಿ ಮುಚ್ಚು."

ಲಕ್ಷಗಟ್ಟಲೆ ಸುರಿದು ಮನೆಬಸ್ಸು ತರಿಸಿದವರಿಗೆ ಒಂದು ಮುಚ್ಚಳಕ್ಕಾಗಿ ಎರಡು ದಿನ ಕಾಯುವ ವ್ಯವಧಾನ ಇರಲಿಲ್ಲ. ಆಗುವುದಿಲ್ಲ ಅನ್ನುವ ಧೈರ್ಯ ಲಿಂಗಯ್ಯನಿಗೂ ಇರಲಿಲ್ಲ. ಅವನ ಕೈ ಹಳೇ ಕಸುಬಿನ ಕಡೆ ಹೋಯಿತು. ಚೀಲದ ತಳದಲ್ಲಿದ್ದ ಆಲೆಮರದ ತುಂಡು ಕೆತ್ತಿ ಬಿರಡೆ ಮಾಡಿದ. ಆಚೆ ಹೋಗಿ ಅರಗಿನ ಕಡ್ಡಿಯನ್ನು ಬೆಂಕಿಗೆ ಹಿಡಿದು, ಬಿರಡೆಗೆ ಮೆತ್ತಿ, ಪೈಪಿನ ಬಾಯಿಗೆ ಬಡಿದ. ಗ್ಯಾಸು ಬಿಟ್ಟು ಸೋಪಿನ ನೀರು ಸವರಿದರೆ ಒಂದು ಗುಳ್ಳೆಯೂ ಏಳಲಿಲ್ಲ. ನೋಡಿ ಅವನಿಗೆ ಹೆಮ್ಮೆಯೇ ಆಯಿತು. ಸಿಲಿಂಡರ್ ಮುಚ್ಚಿ, ಹೊಸ ಫ್ರಿಜ್ಜನ್ನು ಗೂಡಿಗೆ ತಳ್ಳಿದ.

"ಫ್ರಿಜ್ಜು ಮಲಗ್ಸಿ ತಂದಿದ್ದೀವಿ, ಒಳಗಿನ ಎಣ್ಣೆ ಕೆಳಕ್ಕಿಳೀಬೇಕು. ಬೆಳಗಾಗೋ ಗಂಟ ಸ್ವಿಚ್ ಹಾಕ್ಬೇಡಿ," ಅಂತ ಹೇಳಿ ಊರಿಗೆ ಬಂದ.

ಮರುದಿನ ಒಂಬತ್ತು ಗಂಟೆಗೆ ಪಕ್ಕದ ಮನೆಯ ಜಗಲಿಯಲ್ಲಿ ಕರೀಮುನ್ನೀಸಾ ಬುಗುರಿ ಕಡೆಯುತ್ತಿದ್ದಳು. ಆ ಬೀದಿಯಲ್ಲಿ ಲೇತು ಬಿಡದೆ ಉಳಿದವಳು ಆಕೆಯೊಬ್ಬಳೇ. ಲಿಂಗಯ್ಯ ಟೀ ಲೋಟ ಹಿಡಿದು ನಿಂತ. ಗಿರಗಿರ ತಿರುಗುವ ಮರಕ್ಕೆ ಆಕೆ ಕೆಂಪು ಅರಗಿನ ಕಡ್ಡಿ ಒತ್ತಿದಳು. ಉಜ್ಜಿದ ಬಿಸಿಗೇ ಅರಗು ಕರಗಿ, ಜೇನಿನ ಹಾಗೆ ಮರದ ಮೈಮೇಲೆ ಹರಡಿತು.

"ಏನ್ ಲಿಂಗಯ್ಯಣ್ಣ, ಫ್ರಿಜ್ ಡಾಕ್ಟ್ರಾದ್ಮೇಲೆ ನಮ್ ಕಡೆ ತಿರುಗ್ ನೋಡೋದೇ ಬುಟ್ಬುಟ್ಟೆ?"

ಲಿಂಗಯ್ಯನ ಕಣ್ಣು ಆ ಕರಗಿದ ಅರಗಿನ ಮೇಲೇ ಇತ್ತು. ಆ ಬಿರಡೆ ಇದ್ದದ್ದು ಹೊಸ ಫ್ರಿಜ್ಜಿನ ಕಂಪ್ರೆಸರ್‌ಗೆ ಎರಡು ಬೆರಳು ದೂರದಲ್ಲಿ. ಗಾಳಿಯಾಡದ ಗೂಡಿನಲ್ಲಿ ಕಂಪ್ರೆಸರ್ ಕೈ ಇಡಲಾರದಷ್ಟು ಕಾಯುತ್ತದೆ. ಅರಗು ಬಿಸಿಗೆ ಕರಗುತ್ತದೆ ಅನ್ನುವುದು ಹತ್ತನೇ ವಯಸ್ಸಿನಲ್ಲಿ ಅವನು ಕಲಿತ ಮೊದಲ ಪಾಠ. ಸ್ವಿಚ್ ಹಾಕಿ ಎಷ್ಟು ಹೊತ್ತಾಯಿತೋ! ಮಧ್ಯಾಹ್ನದಡುಗೆಗೆ ಸಿಲಿಂಡರ್ ತಿರುಗಿಸುವವಳು ಅಡುಗೆಯ ದೊಡ್ಡಲಕ್ಷ್ಮಮ್ಮ. ನಿನ್ನೆ ಕೂಗಿ ಕರೆದು ಅವನಿಗೆ ಮುದ್ದೆ ಇಕ್ಕಿದ್ದ ಹೆಂಗಸು. ಸದಾ ನಸ್ಯ ಏರಿಸುವ ಆ ಮೂಗಿಗೆ ಗ್ಯಾಸಿನ ವಾಸನೆ ಹೊಡೆಯುವುದೂ ಇಲ್ಲ.

ಅನಂತರಾಜುವಿನ ಫೋನು ಸಿಗಲಿಲ್ಲ. ಕಂಪನಿಯ ಆಫೀಸಿನ ಹುಡುಗಿ "ಏನ್ ವಿಷಯ?" ಅಂದಳು. ಗ್ಯಾಸು ಸೋರುತ್ತದೆ, ಒಲೆ ಹಚ್ಚಬೇಡಿ ಅನ್ನಬೇಕಿತ್ತು. ತಪ್ಪು ತನ್ನ ತಲೆಗೇ ಬರುತ್ತದೆ ಅನ್ನುವ ಭಯ ನಾಲಿಗೆ ಹಿಡಿಯಿತು.

"ಫ್ರಿಜ್ಜುಂದು ಒಸಿ ಕೆಲ್ಸ ಬಾಕಿ ಐತೆ ಕಣಮ್ಮ, ಅದ್ಕೇ..." ಅಂದ.

"ಸಾರ್ ಮೀಟಿಂಗಲ್ಲಿದ್ದಾರೆ," ಅಂತ ಆಕೆ ಫೋನಿಟ್ಟಳು. ಲಿಂಗಯ್ಯನ ಆ ಒಂದು ಸುಳ್ಳನ್ನು ಈ ಕತೆ ಹೇಳುವ ನಾನು ಮಾಫಿ ಮಾಡಲಾರೆ. ಅವನೂ ಮಾಡಿಕೊಂಡಿಲ್ಲ.

ಮೊಪೆಡ್ ಹತ್ತಿ ಸಾತನೂರಿನ ಮೇಲೆ ಹೊರಟ. ಗಾಡಿ ನಲವತ್ತಕ್ಕಿಂತ ಏರಲೊಲ್ಲದು. ದಾರಿಯುದ್ದಕ್ಕೂ ಕಂಡ ಒಂದೊಂದು ಹೊಗೆಯೂ ಮನೆಬಸ್ಸಿನದೇ ಅನ್ನಿಸುತ್ತಿತ್ತು; ಹತ್ತಿರ ಹೋದರೆ ಯಾರೋ ತರಗು ಸುಡುತ್ತಿರುತ್ತಿದ್ದರು. ಫ್ರಿಜ್ಜಿನ ಮೋಟಾರು ಎದ್ದಾಗಲೆಲ್ಲ ಸಣ್ಣ ಕಿಡಿ ಹಾರುತ್ತದೆ ಅನ್ನುವುದು ಕನಕಪುರ ದಾಟಿದ ಮೇಲೆ ನೆನಪಾಯಿತು. ಹಾಗಾದರೆ ಬೆಂಕಿಕಡ್ಡಿಯೂ ಬೇಕಿಲ್ಲ.

ಕ್ವಾರಿಯ ತಿರುವಿನಲ್ಲಿ ಕೆಂಪು ಬಾವುಟದವನು ಅಡ್ಡ ನಿಂತ. "ಬಂಡೆಗೆ ಮದ್ದು ಇಟ್ಟವ್ರೆ. ನಿಂತ್ಕೊಳಯ್ಯ."

"ಬುಡ್ಲಾ, ಅಲ್ಲಿ ಹೆಂಗ್ಸು ಸಾಯ್ತಾಳೆ!"

"ನೀನ್ ಸತ್ರೆ ಯಾರ್ಲಾ ಜವಾಬ್ದಾರಿ?"

ಅಷ್ಟರಲ್ಲಿ ಢಮ್ ಅಂತ ಸದ್ದಾಯಿತು. ಸಿಡಿದದ್ದು ಬಂಡೆಯೋ ಬಸ್ಸೋ ಲಿಂಗಯ್ಯನಿಗೆ ತಿಳಿಯಲಿಲ್ಲ. ದೂಳು ಇಳಿದಾಗ ದೂರದಲ್ಲಿ ಮನೆಬಸ್ಸಿನ ಬಿಳಿ ನೆತ್ತಿ ಕಂಡಿತು. ಮೊಪೆಡ್ ಅಲ್ಲೇ ಕೆಡವಿ ಓಡಿದ.

ಮೊದಲು ಸಿಲಿಂಡರ್ ಮುಚ್ಚಿದ. ಆಮೇಲೆ ಬಾಗಿಲಿಗೆ ಹೋದರೆ ಗ್ಯಾಸಿನ ನಾತ ಮುಖಕ್ಕೇ ಹೊಡೆಯಿತು. ಒಳಗೆ ದೊಡ್ಡಲಕ್ಷ್ಮಮ್ಮ ಅಕ್ಕಿ ತೊಳೆದಿಟ್ಟು, ಬೆಂಕಿಪೊಟ್ಟಣಕ್ಕೆ ತಡಕಾಡುತ್ತಿದ್ದಳು.

"ಅಕ್ಕ, ಹಚ್ಬೇಡ! ಏನೂ ಮುಟ್ಬೇಡ, ಆಚೆ ಬಾ!"

"ಇದ್ಯಾಕಪ್ಪ ಹಿಂಗ್ ಅರಚ್ಕತೀಯ? ದೆವ್ವ ಗಿವ್ವ ಕಂಡ್ಯಾ?"

ರಟ್ಟೆ ಹಿಡಿದು ಎಳೆದು ತಂದ. ಒಳಗಿನ ಸ್ವಿಚ್ ಮುಟ್ಟಿದರೆ ಕಿಡಿ ಹಾರೀತು; ಬಸ್ಸಿಗೆ ಕರೆಂಟು ಕೊಡುವ ಜನರೇಟರನ್ನೇ ನಿಲ್ಲಿಸಬೇಕು. ಅದು ಶೆಡ್ಡಿನಾಚೆ ದೂರದಲ್ಲಿತ್ತು, ಓಡಿ ನಿಲ್ಲಿಸಿದ. ಗಾಳಿಯಾಡಿ ನಾತ ಹೋಗುವವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಫ್ರಿಜ್ಜು ಸರಿಸಿದರೆ, ಅರಗು ಪೈಪಿನ ಮೇಲೆ ಕಣ್ಣೀರಿನ ಹಾಗೆ ಇಳಿದಿತ್ತು. ಬಿರಡೆ ನೆಲದಲ್ಲಿ ಬಿದ್ದಿತ್ತು.

"ತಪ್ಪು ನಂದು ಅಕ್ಕ. ಅರಗು ಕರಗ್ತದೆ ಅಂತ ಗೊತ್ತಿದ್ದೂ ಮೆತ್ಬುಟ್ಟೆ."

ದೊಡ್ಡಲಕ್ಷ್ಮಮ್ಮ ಅವನನ್ನೇ ನೋಡಿದಳು. "ಮುದ್ದೆ ಇಕ್ಕಿದ್ನಲ್ಲೋ ನಿಂಗೆ!" ಅಂದಳು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅನಂತರಾಜು ಬಂದವನೇ, "ಏನೂ ಆಗ್ಲಿಲ್ವಲ್ಲ, ಬುಡು. ಒಸಿ ಸಿಮೆಂಟ್ ಮೆತ್ತು. ಗೆಸ್ಟ್ ಬರೋ ಹೊತ್ತು. ಯಾರ ಮುಂದೂ ಬಾಯ್ ಬುಡ್ಬೇಡ," ಅಂದ.

ಲಿಂಗಯ್ಯ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ಚೀಲಕ್ಕೆ ಹಾಕಿಕೊಂಡ.

"ಕಳ್ಳತನದ ಕೇಸ್ ಹಾಕುಸ್ತೀನಿ ಕಣ್ಲಾ!"

"ಹಾಕ್ಸಿ ಸಾ. ಯಾಕ್ ಕದ್ದೆ ಅಂತ ಸ್ಟೇಷನ್ನಲ್ಲಿ ಕೇಳ್ತಾರೆ. ನಾನ್ ಮಾಡಿದ್ದು, ನೀವ್ ಹೇಳಿದ್ದು, ಎಲ್ಡೂ ಹೇಳ್ತೀನಿ." ಕೇಸಿಗೆ ಅವನು ಹೆದರಿದ್ದು ನಿಜ. ಆದರೂ ಚೀಲ ಬಿಡಲಿಲ್ಲ. ಅವತ್ತು ಪರದೇಶದ ಅತಿಥಿಗಳು ಶೆಡ್ಡಿನ ಸೌದೆ ಒಲೆಯ ಅನ್ನ ಉಂಡು ಹೋದರು.

ಮೂರನೇ ದಿನ ಲಿಂಗಯ್ಯ ಬೆಂಗಳೂರಿನಿಂದ ಹಿತ್ತಾಳೆ ಮುಚ್ಚಳ ತಂದ, ಜೊತೆಗೆ ಗ್ಯಾಸಿನ ಕೆಲಸ ಬಲ್ಲ ಒಬ್ಬ ಫಿಟ್ಟರನ್ನೂ ಕರೆತಂದ. ಮುಚ್ಚಳ ಬಿಗಿದು, ಗೂಡಿಗೆ ಗಾಳಿಕಿಂಡಿ ಕೊರೆದು, ರೆಗ್ಯುಲೇಟರ್ ಮತ್ತೆ ಕೂರಿಸಿ, ಫ್ರಿಜ್ಜು ಎರಡು ಗಂಟೆ ಓಡಿಸಿ ಮತ್ತೆ ಸೋಪಿನ ನೀರು ಸವರಿ ನೋಡಿದರು. ಫಿಟ್ಟರು ಸರಿಯಿದೆ ಅಂದ.

ದೊಡ್ಡಲಕ್ಷ್ಮಮ್ಮ ಬೆಂಕಿಪೊಟ್ಟಣವನ್ನು ಲಿಂಗಯ್ಯನ ಕೈಗಿಟ್ಟಳು. "ಮೊದ್ಲು ನೀನ್ ಹಚ್ಚಪ್ಪ. ನಾನ್ ಆ ಹುಣಸೇಮರದ ತಾವ ನಿಂತಿರ್ತೀನಿ."

ಅವನೊಬ್ಬನೇ ಒಳಗೆ ಹೋದ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಬೆವರಿಗೆ ಒದ್ದೆಯಾಗಿ ಹತ್ತಲಿಲ್ಲ. ಮೂರನೆಯದನ್ನು ಗೀರುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ಬಿಟ್ಟಾಗ ಒಲೆಯ ಮೇಲೆ ನೀಲಿ ಉರಿ ಹತ್ತಿತ್ತು.