ಟ್ಯೂಬಾ, ಗಂಟಲು ಮತ್ತು ಕೆನೆಗಟ್ಟಿದ ಚಹಾ

ಟ್ಯೂಬಾ ಊದುವವನಿಗೆ ದೊಡ್ಡ ಹೊಟ್ಟೆ ಇರಲೇಬೇಕೆಂದು ಜನ ನಂಬಿದ್ದಾರೆ. ನನಗೂ ಇದೆ. ಆದರೆ ಅದು ಟ್ಯೂಬಾ ಕೊಟ್ಟದ್ದಲ್ಲ, ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಭಜಿ ಕೊಟ್ಟದ್ದು. ಹಾಗೆ ನೋಡಿದರೆ ಈ ಹಿತ್ತಾಳೆಯ ವಾದ್ಯವನ್ನು ನಮ್ಮ ಕಡೆ ಯಾರೂ ಟ್ಯೂಬಾ ಎನ್ನುವುದೇ ಇಲ್ಲ. ಮದುವೆಯ ಬ್ಯಾಂಡಿನಲ್ಲಿ ಅದು ‘ದೊಡ್ಡ ಬಾಜಾ’. ಎಲ್ಲರ ಹಿಂದೆ ನಿಂತು ‘ಭೋಂ, ಭೋಂ’ ಅನ್ನುವುದು ಅದರ ಕೆಲಸ. ಮದುವೆಯ ವಿಡಿಯೊಗಳಲ್ಲಿ ಬಾಜಾದ ಅಗಲವಾದ ಬಾಯಿ ಕಾಣುತ್ತದೆ, ಊದುವವನ ಮುಖ ಕಾಣುವುದಿಲ್ಲ.

ಇಂಥ ವಾದ್ಯವನ್ನು ಒಂಟಿಯಾಗಿ ವೇದಿಕೆಗೆ ಏರಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. ಬಸವಕಲ್ಯಾಣದ ಗೆಳೆಯರು ಒಂದು ಸಭಾಭವನ ಗೊತ್ತು ಮಾಡಿದರು. ಏನು ನುಡಿಸುವುದು ಎಂಬ ಪ್ರಶ್ನೆಯೊಂದು ಉಳಿಯಿತು. ನನಗೆ ಬೇಕಾಗಿದ್ದುದು ಎರಡು ದನಿಯ ಕೃತಿಗಳು. ತುಟಿಯಿಂದ ಒಂದು ಸ್ವರ ಊದುತ್ತ, ಅದೇ ಉಸಿರಿನಲ್ಲಿ ಗಂಟಲಿನಿಂದ ಇನ್ನೊಂದನ್ನು ಹಾಡುವುದು. ಇದಕ್ಕೆ ಮಲ್ಟಿಫೋನಿಕ್ಸ್ ಎಂಬ ಭಾರಿ ಹೆಸರಿದೆ. ಎರಡೂ ಸ್ವರಗಳು ತಕ್ಕ ಅಂತರದಲ್ಲಿ ಕೂತರೆ, ಯಾರೂ ಊದದ, ಯಾರೂ ಹಾಡದ ಮೂರನೆಯ ಸ್ವರವೊಂದು ಕಿವಿಗೆ ಬೀಳುತ್ತದೆ. ವಿಜ್ಞಾನಿಗಳು ಅದಕ್ಕೆ ಲೆಕ್ಕ ಕೊಡುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಮನೆಗೆ ಯಾರೋ ಬಂದಂತೆನಿಸಿ ಬಾಗಿಲ ಕಡೆ ನೋಡುವಂತಾಗುತ್ತದೆ.

ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಿದವರಿಗೆ ನಾನು ಒಂದು ಕತೆ ಹೇಳುತ್ತೇನೆ. ನಾನು ದೊಡ್ಡ ಬಾಜಾ ಊದುತ್ತಿದ್ದ ಮದುವೆಯ ಬ್ಯಾಂಡಿನಲ್ಲಿ ಒಂದು ರೂಢಿಯಿತ್ತು. ಮೆರವಣಿಗೆಯ ದಾರಿಯಲ್ಲಿ ಆಜಾನ್ ಕೇಳಿಸಿದರೆ, ಗುಡಿಯಲ್ಲಿ ಮಂಗಳಾರತಿ ನಡೆದಿದ್ದರೆ, ಸಾವಿನ ಮನೆ ಎದುರಾದರೆ, ಬ್ಯಾಂಡನ್ನು ನಡೆಸುತ್ತ ಮುಂದೆ ನಡೆಯುವ ಮಹಬೂಬ ಮಾಸ್ತರರು ಅಂಗೈ ಎತ್ತುತ್ತಿದ್ದರು. ಬ್ಯಾಂಡು ತಟ್ಟನೆ ಮೌನ. ಆದರೆ ಕೈ ಇಳಿದಾಗ ಹಾಡನ್ನು ಬಿಟ್ಟ ಜಾಗದಿಂದಲ್ಲ, ನಿಲ್ಲಿಸದಿದ್ದರೆ ಅಷ್ಟರಲ್ಲಿ ಅದು ಎಲ್ಲಿಗೆ ಮುಟ್ಟಿರುತ್ತಿತ್ತೋ ಅಲ್ಲಿಂದ ಎತ್ತಿಕೊಳ್ಳಬೇಕು. ಅದಕ್ಕಾಗಿ ದೊಡ್ಡ ಬಾಜಾದವನು ಬಾಯಿ ತೆಗೆಯದೆ, ಅಕ್ಕಪಕ್ಕದವರಿಗಷ್ಟೇ ಕೇಳುವಂತೆ, ಗಂಟಲಲ್ಲೇ ಹಾಡನ್ನು ಗುನುಗುತ್ತ ನಡೆಸಬೇಕು. ಹಾಗೆ ಗುನುಗುವಾಗ ಒಮ್ಮೆ ತುಟಿ ತಾನಾಗಿ ನಡುಗಿ ಎರಡು ದನಿ ಹೊರಟವು ಎಂಬುದು ನನ್ನ ಕತೆ. ರೂಢಿ ನಿಜ. ಕತೆ ಮಾತ್ರ ತೀರಾ ನೀಟಾಗಿದೆ. ಅದಕ್ಕೇ ನನಗೆ ಅನುಮಾನ. ಎಲ್ಲೋ ಓದಿದ್ದನ್ನು ಮೆರವಣಿಗೆಗೆ ತಂದು ಸೇರಿಸಿಕೊಂಡಿದ್ದರೂ ಇರಬಹುದು.

ಕೃತಿಗಳ ಹುಡುಕಾಟ ಮೊಬೈಲಿನಲ್ಲಿ ಶುರುವಾಯಿತು. ಮೊದಲು ಸಿಕ್ಕಿದ್ದು ಹೊರದೇಶದವರು ಬರೆದ ಒಂದು ಕೃತಿ. ಅದರಲ್ಲಿ ಗಂಟಲು ಏರಬೇಕಾದ ಎತ್ತರಕ್ಕೆ ಮೀಸೆ ಮೂಡಿ ದನಿ ಒಡೆಯುವ ಮೊದಲೇ ಏರಿರಬೇಕಿತ್ತು. ಎರಡನೆಯದು ಆರಂಭದಿಂದ ಕೊನೆಯವರೆಗೆ ಗುರುಗುಟ್ಟುವಿಕೆ. ಅದನ್ನು ಮಾಳಿಗೆಯ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಪಕ್ಕದ ಮನೆಯವರು ಕೂಗಿ ಕೇಳಿದರು: “ಬೋರ್ ಹೊಡಸಾಕತ್ತೀರೇನ್ರಿ? ನೀರು ಬಿತ್ತಾ?”

ನನ್ನ ಹೆಂಡತಿ ಮಹಾದೇವಿ ತೊಗರಿ ಹಸನು ಮಾಡುತ್ತ ಕೂತಿದ್ದಳು. “ಬಿದ್ದಿಲ್ರಿ, ಇನ್ನಾ ಕಲ್ಲ ಹತ್ತೇದ!” ಎಂದು ನನ್ನ ಪರವಾಗಿ ಉತ್ತರ ಕೊಟ್ಟಳು.

ಕೊನೆಗೆ ಹೊರದೇಶದ ನಿಧಾನವಾದ ಎರಡು ಕೃತಿಗಳನ್ನು ಇಟ್ಟುಕೊಂಡೆ. ಮುಕ್ತಾಯಕ್ಕೆ ನಮ್ಮ ಭಜನೆಯ ಒಂದು ಧಾಟಿಯನ್ನು ನಾನೇ ಕೂಡಿಸಿದೆ. ತುಟಿ ಹಾರ್ಮೋನಿಯಮ್ಮಿನ ಹಾಗೆ ಶ್ರುತಿ ಹಿಡಿಯುತ್ತದೆ, ಗಂಟಲು ಹಾಡುತ್ತದೆ. ಇದನ್ನು ಕೇಳಿಸಬೇಕಾಗಿದ್ದುದು ಒಬ್ಬರಿಗೇ, ಮಹಬೂಬ ಮಾಸ್ತರರಿಗೆ. ಅಷ್ಟು ವರ್ಷದ ಮೆರವಣಿಗೆಗಳಲ್ಲಿ ಅವರು ಮುಂದೆ, ನಾನು ಹಿಂದೆ. ನಾನು ಕಂಡದ್ದು ಅವರ ಬೆನ್ನು ಮತ್ತು ಅಂಗೈ. ಒಮ್ಮೆಯಾದರೂ ಅವರು ನನ್ನ ಕಡೆ ಮುಖ ಮಾಡಿ ಕೂತು ಕೇಳಬೇಕೆಂಬ ಆಸೆ.

ಕರೆಯಲು ಹೋದೆ. “ಬರೇ ದೊಡ್ಡ ಬಾಜಾನಾ?” ಎಂದರು. “ಪಲ್ಯಾ ಇಲ್ದ ರೊಟ್ಟಿ ತಿನ್ನು ಅಂದಂಗಾತಲ್ಲೋ ಶರಣಪ್ಪ. ಬರ್ತೀನಿ. ಬ್ಯಾಸರಾತಂದ್ರ ನಡುವ ಎದ್ದು ಹೋಗಾಂವ, ಆಮ್ಯಾಲ ನಾರಾಜ ಆಗಬ್ಯಾಡ.”

ಅವರು ಎದ್ದರೆ ಹುಮನಾಬಾದಿನಿಂದ ಬಂದ ಬ್ಯಾಂಡಿನವರ ಸಾಲು ಪೂರ್ತಿ ಏಳುತ್ತದೆಂಬುದು ನನಗೆ ಗೊತ್ತಿತ್ತು.

ಕಾರ್ಯಕ್ರಮದ ದಿನ ನನ್ನೆದುರು ಕೂತಿದ್ದ ಮಾಸ್ತರರು ಮೊದಲ ಕೃತಿಗೆ ಕನ್ನಡಕ ಒರೆಸಿದರು. ಎರಡನೆಯದಕ್ಕೆ ಚಪ್ಪಲಿಗಾಗಿ ಕಾಲಾಡಿಸಿದರು. ನಾನು ಭಜನೆಯ ಧಾಟಿಗೆ ಗಡಬಡಿಸಿ ಬಂದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಮಾಸ್ತರರ ಅಂಗೈ ಮೇಲೆದ್ದಿತು.

ನನ್ನ ತುಟಿ ತಾನಾಗಿ ನಿಂತುಬಿಟ್ಟಿತು. ಆಜಾನ್ ಇರಬೇಕು, ನನಗೆ ಕೇಳಿಸಿಲ್ಲ ಅಂದುಕೊಂಡೆ. ಗಂಟಲು ಹಳೆಯ ರೂಢಿಯಂತೆ ಹಾಡನ್ನು ಒಳಗೊಳಗೇ ನಡೆಸಿತು. ಮಾರುಗಟ್ಟಲೆ ಹಿತ್ತಾಳೆಯ ಕೊಳವೆಯೊಳಗಿಂದ ಒಂದು ಮನುಷ್ಯನ ಗುನುಗು ಬರುತ್ತಿತ್ತು. ಅಂಗೈ ಇಳಿಯಿತು. ತುಟಿ ಮತ್ತೆ ಶ್ರುತಿ ಹಿಡಿದು ಗಂಟಲಿನ ಕೆಳಗೆ ಬಂದು ನಿಂತಿತು. ಆಗ ಆ ಮೂರನೆಯ ಸ್ವರ ಎದ್ದದ್ದು ಕೊನೆಯ ಸಾಲಿನವರಿಗೂ ಕೇಳಿಸಿತಂತೆ. ಜನ ಚಪ್ಪಾಳೆ ತಟ್ಟಿದ್ದು ಅಲ್ಲೇ, ಕೃತಿ ಇನ್ನೂ ಮುಗಿಯದಿರುವಾಗ.

ಆಮೇಲೆ ಮಾಸ್ತರರ ಹತ್ತಿರ ಹೋಗಿ, “ಆಜಾನ್ ಆಗಿತ್ತೇನ್ರಿ?” ಎಂದೆ.

“ಯಾವ ಆಜಾನೋ? ಬಾಗಲಾಗ ಚಹಾದಾಂವ ನಿಂತಿದ್ದ. ಅವಗ ಕೈ ಮಾಡ್ದೆ.”

“ಮತ್ತ ಎದ್ದು ಹೋಗ್ಲಿಲ್ಲಲ್ರಿ?”

“ಚಹಾ ಕೈಯಾಗ ಬಂದಿತ್ತು. ಬಿಟ್ಟು ಹ್ಯಾಂಗ ಹೋಗ್ಲಿ?”

ಈಗ ಆ ಮೌನ ನನ್ನ ಕೃತಿಯ ಭಾಗ. ಯಾರಾದರೂ ಕೇಳಿದರೆ, ಬಹಳ ಯೋಚಿಸಿ ಇಟ್ಟದ್ದು ಎಂದು ಹೇಳಲು ಆಗಲೇ ಶುರುಮಾಡಿದ್ದೇನೆ. ಇನ್ನೆರಡು ಸಲ ಹೇಳಿದರೆ ನಾನೂ ನಂಬುತ್ತೇನೆ.

ಮಾಸ್ತರರ ಹಿಂದಿನ ಸಾಲಿನಲ್ಲಿ ಕೂತಿದ್ದ ಮಹಾದೇವಿ ಹೇಳುವುದು ಬೇರೆ. “ಚಹಾ ತರಿಸಿದ್ದು ಖರೆ. ಆದ್ರ ಅವರು ಕುಡಿದೇ ಇಲ್ರಿ. ಕಪ್ಪಿನ ಮ್ಯಾಲ ಕೆನಿ ಕಟ್ಟಿತ್ತು. ನಾ ಕಣ್ಣಾರ ನೋಡೀನಿ.”

ಚಹಾಕ್ಕಾಗಿ ಕೂತೆ ಎನ್ನುತ್ತಾರೆ ಅವರು. ಕುಡಿಯಲಿಲ್ಲ ಎನ್ನುತ್ತಾಳೆ ಇವಳು. ಯಾವುದು ಸರಿ ಎಂದು ನಾನು ವಿಚಾರಿಸಲು ಹೋಗಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಸುಮ್ಮನೆ ಕೂತರೆ, ಮಾಸ್ತರರೂ ಹೇಳದ, ಮಹಾದೇವಿಯೂ ಹೇಳದ ಒಂದು ಮಾತು ನನಗೆ ಚೆನ್ನಾಗಿ ಕೇಳಿಸುತ್ತದೆ.