ಎಕ್ಸ್‌ಚೇಂಜ್ ಅಕ್ಕನ ಜಪಾನಿ ಆಟ

ಅವರ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಬಟಾಣಿ ಕಾಳಿನಷ್ಟು ಜಾಗ ದಡ್ಡುಗಟ್ಟಿತ್ತು. ಕತ್ತಿ ಹಿಡಿಯುವವರ ಅಂಗೈಯಲ್ಲಿ, ಕಾಫಿ ಕುಯ್ಯುವವರ ಬೆರಳಲ್ಲಿ ಅಂಥದ್ದನ್ನು ನೋಡಿದ್ದೆ. ಅವರು ಕತ್ತಿಯನ್ನೂ ಹಿಡಿದವರಲ್ಲ, ಕಾಫಿಯನ್ನೂ ಕುಯ್ದವರಲ್ಲ. ಏನಾಗಿತ್ತು ಎಂದು ಕೇಳಿದರೆ ಅರವತ್ತು ದಾಟಿದ ಆ ಹೆಂಗಸು ಸ್ವಲ್ಪವೂ ನಾಚದೆ, "ಆಟ ಆಡಿ ಆಡಿ ಆಗಿದ್ದು ಮಾರಾಯ್ತಿ" ಎಂದರು.

ಸೋಮವಾರಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು ಅವರು. ಬೀದಿಗೆಲ್ಲ ಎಕ್ಸ್‌ಚೇಂಜ್ ಅಕ್ಕ. ಮದುವೆ ಮಾಡಿಕೊಂಡಿರಲಿಲ್ಲ. ಶಾಲೆಯಲ್ಲಿ ಮೊದಲ ಪೋಸ್ಟಿಂಗ್ ಸಿಕ್ಕಿ ಅರಸೀಕೆರೆ ಕಡೆಯಿಂದ ಬಂದ ನಾನು ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಸೇರಿದೆ. ಸಂಜೆಯಾದರೆ ಕೆಳಗಿನಿಂದ ಒಂದು ವಿಚಿತ್ರ ಸಂಗೀತ ಕೇಳುತ್ತಿತ್ತು, ನಾಲ್ಕೇ ಸ್ವರ ತಿರುಗಿ ತಿರುಗಿ ಬರುವಂಥದ್ದು. ಹಳೆಯ ರೇಡಿಯೋ ಇರಬೇಕೆಂದುಕೊಂಡಿದ್ದೆ.

ನನ್ನ ಶಾಲೆ ಇದ್ದದ್ದು ಪೇಟೆಯಿಂದ ದೂರ, ಒಂದು ಎಸ್ಟೇಟಿನ ಮೇಲ್ತುದಿಯಲ್ಲಿ. ಜೀಪು ಕೆಳಗಿನ ಕೂಲಿಯವರ ಲೈನ್ ಮನೆಗಳ ತನಕ ಹೋಗುತ್ತಿತ್ತು. ಅಲ್ಲಿಂದ ಕಾಫಿ ತೋಟದ ನಡುವೆ ಅರ್ಧ ಗಂಟೆಯ ಕಾಲುದಾರಿ. ನಾನು ಬರುವ ಹಿಂದಿನ ವರ್ಷ ಅದೇ ದಾರಿಯಲ್ಲಿ ಎಸ್ಟೇಟಿನ ವಾಚ್‌ಮನ್ ಒಬ್ಬನನ್ನು ಆನೆ ತುಳಿದು ಕೊಂದಿತ್ತು. ಅಂದಿನಿಂದ ಲೈನಿನವರು, ಟೀಚರ್ ಜೊತೆಗಿದ್ದರೆ ಮಾತ್ರ ಮಕ್ಕಳನ್ನು ಕಳಿಸುತ್ತೇವೆ ಎಂದುಬಿಟ್ಟಿದ್ದರು. ಒಂಬತ್ತು ಮಕ್ಕಳು. ಪ್ರತಿ ಬೆಳಿಗ್ಗೆ ಜೀಪಿನ ಹತ್ತಿರ ಸಾಲಾಗಿ ನಿಂತು ನನ್ನ ಮುಖ ನೋಡುತ್ತಿದ್ದವು, ನನಗೇನೋ ಗೊತ್ತಿದೆ ಎನ್ನುವ ಹಾಗೆ.

ನನಗೇನೂ ಗೊತ್ತಿರಲಿಲ್ಲ. ದೇವಸ್ಥಾನದ ಬಾಗಿಲಲ್ಲಿ ನಿಂತು ಸೊಂಡಿಲಿಟ್ಟು ಹರಸುವ ಆನೆ ಬಿಟ್ಟರೆ ಬೇರೆ ಆನೆ ನಾನು ಕಂಡವಳಲ್ಲ. ಎರಡನೇ ವಾರದ ಶನಿವಾರ, ಮಕ್ಕಳನ್ನು ಲೈನಿಗೆ ಬಿಟ್ಟ ಮೇಲೆ ಮರೆತುಬಂದ ಹಾಜರಿ ಪುಸ್ತಕಕ್ಕೆಂದು ಒಬ್ಬಳೇ ಹಿಂತಿರುಗಿದೆ. ದಾರಿಯಲ್ಲಿ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಅದರ ಅರ್ಥ ತಲೆಗೆ ಹೋಗುವ ಮೊದಲೇ ಎಡಗಡೆಯ ಕಾಫಿ ಗಿಡಗಳ ಮೇಲೆ ಒಂದು ಕಿವಿ ಕಂಡಿತು. ಕಿವಿ ಮಾತ್ರ. ಅದು ಅಲ್ಲಾಡುತ್ತಿತ್ತು, ಆಮೇಲೆ ಅಲ್ಲಾಡುವುದನ್ನು ನಿಲ್ಲಿಸಿತು. ಓಡಿದ್ದು ನೆನಪಿದೆ, ಚಪ್ಪಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ.

ಎರಡು ದಿನ ಜ್ವರ ಬಂತು. ಮೂರನೇ ದಿನ ವರ್ಗಾವಣೆಗೆ ಅರ್ಜಿ ಬರೆದು, ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ಎಂತದು ಕೈಯಲ್ಲಿ?"

ಹೇಳಿದೆ. ಹೇಳುತ್ತ ಅಳು ಬಂತು. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಒಳಗೆ ಬಾ, ಕೂತ್ಕ" ಎಂದರು. ಟಿವಿಯ ಮುಂದೆ ನೆಲದ ಮೇಲೆ ಕೆಂಪು ಬಿಳುಪಿನ ಒಂದು ಹಳೆಯ ವಿಡಿಯೋ ಗೇಮ್ ಡಬ್ಬಿ, ಅದರ ಪಕ್ಕ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್. ಜಪಾನಿನ ಕರೆಂಟು ನಮ್ಮದರ ಅರ್ಧವೂ ಇಲ್ಲವಂತೆ, ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ತಮ್ಮ ಒಂದೇ ಸರಣಿಯ ಆಟಗಳ ಕ್ಯಾಸೆಟ್ಟುಗಳ ಜೊತೆ ಜಪಾನಿನ ಬಂದರೊಂದರಿಂದ ತಂದುಕೊಟ್ಟದ್ದು. ಕೊಡುವಾಗ ಅವನು ಹೇಳಿದ್ದು ಇಷ್ಟೇ: "ಅಕ್ಕ, ಇದರಲ್ಲಿ ಒಂದು ಅಕ್ಷರ ಇಂಗ್ಲಿಷ್ ಇಲ್ಲ. ನಿಂಗಾದ್ರೆ ಟೈಮಿದೆ."

ಊರಿನ ನೂರಾರು ಫೋನ್ ನಂಬರುಗಳನ್ನು ಬಾಯಿಪಾಠ ಇಟ್ಟುಕೊಂಡಿದ್ದ ಹೆಂಗಸು ಆ ಅಕ್ಷರಗಳನ್ನೂ ಹಾಗೆಯೇ ಚಿತ್ರ ಚಿತ್ರವಾಗಿ ಕಲಿತರು. ಆ ಸರಣಿಯ ಮೊದಲ ಆಟದಲ್ಲಿ ನಿಲ್ಲಿಸಿದ ಜಾಗವನ್ನು ನೆನಪಿಡುವ ಶಕ್ತಿ ಯಂತ್ರಕ್ಕಿರಲಿಲ್ಲ. ಆಟ ಬಿಡುವಾಗ ಅದರೊಳಗಿನ ಅರಸ ಒಂದು ಸಾಲುದ್ದದ ಅರ್ಥವಿಲ್ಲದ ಅಕ್ಷರಗಳನ್ನು ಮಂತ್ರದ ಹಾಗೆ ಹೇಳುತ್ತಾನೆ, ನಾವು ಬರೆದುಕೊಳ್ಳಬೇಕು. ಒಂದು ಅಕ್ಷರ ತಪ್ಪಿದರೂ ವಾರಗಟ್ಟಲೆ ನಡೆದದ್ದೆಲ್ಲ ಹೋಯಿತು. "ನಂದು ಒಂದು ದಿನನೂ ತಪ್ಪಲಿಲ್ಲ" ಎನ್ನುವಾಗ ಅವರ ಮುಖದಲ್ಲಿ ಎಕ್ಸ್‌ಚೇಂಜಿನ ಗತ್ತು ಕಾಣುತ್ತಿತ್ತು.

ಆ ದಿನ ಅವರು ನನಗೆ ತೋರಿಸಿದ್ದು ಆ ಮೊದಲ ಆಟ. ಹಸಿರು ಬಯಲು, ಒಂದು ಕೋಟೆ, ಒಬ್ಬ ಸಣ್ಣ ವೀರ.

"ನೋಡು, ಊರು ಬಿಟ್ಟ ಕೂಡ್ಲೆ ಬರೋವೆಲ್ಲ ಪಾಪದ ಪ್ರಾಣಿಗಳು. ಇವನೂ ಪಾಪದವನೇ ಅಲ್ವಾ. ಈಗ ಈ ಸೇತುವೆ ದಾಟೋದು ನೋಡು." ದಾಟಿದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪರದೆ ಕಪ್ಪಾಯಿತು, ಏನೋ ಎದುರಾಯಿತು, ಎರಡೇ ಏಟಿಗೆ ವೀರ ಸತ್ತ. ನಾನು ಬೆಚ್ಚಿಬಿದ್ದೆ. "ಎಲ್ಲೂ ಬೋರ್ಡ್ ಹಾಕಿಲ್ಲ, ಅಪಾಯ ಅಂತ ಬರ್ದಿಲ್ಲ. ಸೇತುವೆನೇ ಬೋರ್ಡು. ಇದನ್ನ ಮಾಡ್ದೋರು ಹೆದರಿಕೆನ ನೆಲದ ಮೇಲೆ ಗೆರೆ ಹಾಕಿ ಇಟ್ಟಿದಾರೆ."

"ಅವನು ಮತ್ತೆ ಎದ್ದ ಅಕ್ಕ," ಎಂದೆ. ವೀರ ಅರಸನ ಮುಂದೆ ನಿಂತಿದ್ದ.

"ಹೌದು. ನಾವು ಏಳದಿಲ್ಲ. ಅದಕ್ಕೇ ಸೇತುವೆ ಎಲ್ಲಿದೆ ಅಂತ ಮೊದ್ಲೇ ನೋಡ್ಕಬೇಕು. ಅರ್ಜಿ ಆಮೇಲೆ ಕೊಡು. ಮೊದ್ಲು ನಿನ್ನ ದಾರಿ ತೋರ್ಸು ನಂಗೆ."

ಮುಂದಿನ ಎರಡು ಭಾನುವಾರ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಜೊತೆಗೆ ಕರೆದುಕೊಂಡು ಆ ದಾರಿಯಲ್ಲಿ ಓಡಾಡಿ, ಗ್ರಾಫ್ ಹಾಳೆಯ ಮೇಲೆ ಅಕ್ಕ ನಕ್ಷೆ ಬರೆದರು. ಹಲಸಿನ ಮರಗಳು, ಕೆರೆಗೆ ಇಳಿಯುವ ಆನೆದಾರಿ, ಸೋಲಾರ್ ಬೇಲಿ ಕಿತ್ತುಹೋದ ಕಡೆ. ಜೊತೆಗೆ ನುಗ್ಗಿ ಬಚ್ಚಿಟ್ಟುಕೊಳ್ಳಬಹುದಾದ ಜಾಗಗಳು: ಕಲ್ಲಿನ ಪಂಪ್‌ಹೌಸ್, ದಾರಿಯಡಿಯ ಮೋರಿ. ದಾರಿಯಲ್ಲಿ ನಾಲ್ಕು ಕಡೆ ನಿಲ್ಲಬೇಕು, ಮೂಸಿ ನೋಡಬೇಕು, ಕಿವಿ ಕೊಡಬೇಕು. ಸಂಶಯ ಬಂದರೆ ವಾಪಸ್ಸು. "ಆ ಆಟದಲ್ಲಿ ಹೊಡಿ, ಮಂತ್ರ ಹಾಕು ಅನ್ನೋದ್ರ ಸಾಲಲ್ಲೇ ಓಡು ಅಂತನೂ ಇಟ್ಟಿದಾರೆ. ಅದೂ ಒಂದು ವಿದ್ಯೆನೇ. ಒಂದೊಂದ್ಸಲ ಓಡಕ್ಕೆ ಆಗಲ್ಲ ಅಂತ ಬರುತ್ತೆ, ಅದು ಬೇರೆ."

ಅರ್ಜಿ ಹಾಗೆಯೇ ಉಳಿಯಿತು. ದಿನಾ ಬೆಳಿಗ್ಗೆ ಅಕ್ಕ ಸ್ವೆಟರ್ ಹಾಕಿಕೊಂಡು ನನ್ನ ಜೊತೆ ಜೀಪು ಹತ್ತತೊಡಗಿದರು. ಮಕ್ಕಳಿಗೆ ನಡೆಯುತ್ತ ಆ ಸರಣಿಯ ಕತೆ ಹೇಳುತ್ತಿದ್ದರು. ಮೊದಲ ಆಟದಲ್ಲಿ ವೀರ ಒಬ್ಬನೇ, ಎರಡನೆಯದರಲ್ಲಿ ಜೊತೆಗಿಬ್ಬರು, ಮೂರನೆಯದರಲ್ಲಿ ಜೊತೆಗಾರರನ್ನು ನಾವೇ ಆರಿಸಿಕೊಳ್ಳಬಹುದು. ಕ್ಯಾಸೆಟ್ಟಿನಲ್ಲಿ ಜಾಗ ಕಡಿಮೆಯಾದ್ದರಿಂದ ಅದೇ ಪ್ರಾಣಿಗೆ ಬೇರೆ ಬಣ್ಣ ಬಳಿದು ಬೇರೆ ಬಲ ಕೊಡುತ್ತಿದ್ದರಂತೆ. ಮುಂದೆ ಬಂದ ಆಟಗಳಲ್ಲಿ ಶತ್ರುಗಳು ದೂರದಿಂದಲೇ ಕಾಣತೊಡಗಿದವು. ಅದು ಅಕ್ಕನಿಗೆ ಹಿಡಿಸಿರಲಿಲ್ಲ. "ಕಾಣದೆ ಇರೋದೇ ನಿಜವಾದ ಹೆದರಿಕೆ" ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ನಾನು ಕಿವಿಯನ್ನು ಕಂಡವಳು.

ಹೀಗೆ ಒಂದು ವರ್ಷ ಏನೂ ಆಗಲಿಲ್ಲ. ಏನೂ ಆಗದಿದ್ದರೆ ಮನುಷ್ಯ ಸಡಿಲವಾಗುತ್ತಾನೆ.

ಮರುವರ್ಷ ಶಾಲೆ ಶುರುವಾಗಿ ಕೆಲವೇ ದಿನ, ಹಲಸು ಹಣ್ಣಾಗಿ ತೋಟವೆಲ್ಲ ಗಮಗುಟ್ಟುತ್ತಿದ್ದ ಕಾಲ. ಆ ದಿನ ಇನ್ಸ್‌ಪೆಕ್ಷನ್ ಇದೆಯೆಂದು ಹೇಳಿಕಳಿಸಿದ್ದರು. ಜೀಪು ತಡವಾಗಿ ಬಂದಿತ್ತು. ಮಂಜು ಎಷ್ಟಿತ್ತೆಂದರೆ ಮುಂದಿನ ಸಿಲ್ವರ್ ಮರ ಕಂಡರೆ ಅದರಾಚೆಯದು ಕಾಣುತ್ತಿರಲಿಲ್ಲ. ನಾವು ನಿಲ್ಲಬೇಕಾದ ಮೂರನೆಯ ಜಾಗ ಪಂಪ್‌ಹೌಸಿನ ಹತ್ತಿರ. ಅಲ್ಲಿ ಅಕ್ಕ ಕೈ ಎತ್ತಿದರು. ಮಕ್ಕಳು ಗಕ್ಕನೆ ನಿಂತವು.

"ವಾಸನೆ ಇದೆ," ಎಂದರು ಮೆಲ್ಲಗೆ.

"ಹಲಸಿನದು ಅಕ್ಕ. ನಂಗೆ ತಡ ಆಯ್ತು, ಸಾಹೇಬ್ರು ಬಂದಿರ್ತಾರೆ."

"ಹತ್ತು ನಿಮಿಷ ನಿಲ್ಲು."

"ನೀವು ಮಕ್ಕಳ್ನ ಆಮೇಲೆ ಕರ್ಕೊಂಡು ಬನ್ನಿ, ನಾನು ಬಾಗಿಲು ತೆಗೆದಿರ್ತೀನಿ" ಎಂದವಳೇ ಹೊರಟೆ. ಅವರು ನನ್ನ ಸೆರಗಿಗೆ ಕೈ ಹಾಕಿದರು. ಬಿಡಿಸಿಕೊಂಡೆ.

ಐವತ್ತು ಹೆಜ್ಜೆ ನಡೆದಿರಬಹುದು. ಬೆನ್ನ ಹಿಂದೆ ಕಾಫಿ ಗಿಡಗಳು ಮುರಿದ ಸದ್ದಾಯಿತು. ತಿರುಗಿ ನೋಡಿದರೆ ದಾರಿಯ ಮೇಲೆ ಮಂಜು ದಪ್ಪಗಾದ ಹಾಗಿತ್ತು. ಆಮೇಲೆ ಆ ದಪ್ಪ ಮಂಜಿಗೆ ಕಾಲುಗಳು ಕಂಡವು, ಕಾಲುಗಳ ನಡುವೆ ಒಂದು ಮರಿ. ನನಗೂ ಮಕ್ಕಳಿಗೂ ನಡುವೆ ಆನೆ ನಿಂತಿತ್ತು. ಕಾಲು ಏಳಲಿಲ್ಲ. ಆನೆ ನನ್ನತ್ತ ಮುಖ ತಿರುಗಿಸಿತು, ಅದರ ಉಸಿರು ಕೇಳಿಸಿತು.

ಆಗ ಮಂಜಿನಾಚೆಯಿಂದ ಅಕ್ಕನ ಧ್ವನಿ ಬಂತು. ಕೂಗಲ್ಲ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಟ್ರಂಕ್ ಕಾಲ್ ಹಾಕುವವರ ಧ್ವನಿ. ನಕ್ಷೆ ಅವರಿಗೆ ಬಾಯಿಪಾಠ, ನನ್ನ ಹೆಜ್ಜೆಗಳನ್ನೂ ಎಣಿಸಿಕೊಂಡಿದ್ದರು. "ನಿನ್ನ ಬಲಗಡೆ ಮೋರಿ. ಮೂರು ಹೆಜ್ಜೆ. ಕೂರು. ಒಳಗೆ ಹೋಗು. ಬಲಗಡೆ ಮೋರಿ."

ಆನೆ ಆ ಧ್ವನಿಯ ಕಡೆ ತಿರುಗಿತು. ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅದು ಮತ್ತೆ ನನ್ನ ಕಡೆ ತಿರುಗುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಕೆಸರಿನಲ್ಲಿ ತೆವಳಿ ಮೋರಿಯೊಳಗೆ ಸೇರಿದ ಮೇಲೂ ಅದೇ ಮಾತು ಕೇಳುತ್ತಿತ್ತು: ಬಲಗಡೆ ಮೋರಿ, ಬಲಗಡೆ ಮೋರಿ. ಆಮೇಲೆ ಘೀಳು. ಆಮೇಲೆ ನೆಲ ನಡುಗಿತು. ತಗಡು ಹರಿದ ಸದ್ದು, ಮಕ್ಕಳ ಚೀರಾಟ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದಿದ್ದುದನ್ನು ನಾನು ಇವತ್ತಿಗೂ ಕನಸಿನಲ್ಲಿ ಕೇಳುತ್ತೇನೆ.

ರೈಟರ್ ಮತ್ತು ಅರಣ್ಯ ಇಲಾಖೆಯ ಗಾರ್ಡ್ ಬಂದು ಪಟಾಕಿ ಹೊಡೆದು ಆನೆಯನ್ನು ಅಟ್ಟಿ ನನ್ನನ್ನು ಎಳೆದು ತೆಗೆದರು. ಪಂಪ್‌ಹೌಸಿನ ಛಾವಣಿಯ ತಗಡು ಅರ್ಧ ದಾರಿಯಲ್ಲಿ ಬಿದ್ದಿತ್ತು. ಒಳಗೆ ಒಂಬತ್ತೂ ಮಕ್ಕಳನ್ನು ಗೋಡೆಗೊತ್ತಿ ಅಕ್ಕ ಅವರ ಮುಂದೆ ನಿಂತಿದ್ದರು. ಕೊನೆಯ ಗಳಿಗೆಯಲ್ಲಿ ಒಳಗೆ ಹಾರಿ ಬಾಗಿಲು ಎಳೆದುಕೊಂಡಿದ್ದರಂತೆ. ಯಾರಿಗೂ ತರಚು ಗಾಯವೂ ಇರಲಿಲ್ಲ.

ಲೈನಿನವರೆಲ್ಲ ಓಡಿಬಂದರು. ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ಅಳುತ್ತಿದ್ದರು. "ಟೀಚರ್ ಯಾಕೆ ಒಬ್ರೇ ಆ ಕಡೆ ಇದ್ರು? ಯಾರು ಮುಂದೆ ಹೋಗಕ್ಕೆ ಹೇಳಿದ್ದು?" ಎಂದ ಗಾರ್ಡ್.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು: "ನಾನೇ ಹೇಳಿದ್ದು. ದಾರಿ ಸರಿಯಿದೆ, ಹೋಗು ಅಂದೆ. ವಯಸ್ಸಾಯ್ತು, ಮೂಗು ಕೆಟ್ಟಿದೆ."

ಗಾರ್ಡ್ ಎಲ್ಲರೆದುರಿಗೆ ಅವರನ್ನು ಬೈದ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ನಾನು ಸುಮ್ಮನಿದ್ದೆ. ಆನೆಯೆದುರು ನಿಂತಾಗ ಆದ ಹೆದರಿಕೆ ಒಂದು ಬಗೆಯದು; ಆ ಜನರ ಮುಖ ನೋಡುತ್ತ ನಿಂತಾಗ ಆದದ್ದು ಇನ್ನೊಂದು. ಇನ್ಸ್‌ಪೆಕ್ಷನ್ನಿಗೆ ಆ ದಿನ ಯಾರೂ ಬರಲಿಲ್ಲ.

ಜೀಪಿನಲ್ಲಿ ವಾಪಸ್ಸು ಬರುವಾಗ, "ಯಾಕಕ್ಕಾ ಹಾಗಂದ್ರಿ?" ಎಂದು ಕೇಳಿದೆ.

"ನಾಳೆ ಆ ಮಕ್ಕಳು ನಿನ್ನ ಹಿಂದೆ ನಡೀಬೇಕು. ನನ್ನ ಹಿಂದೆ ಅಲ್ಲ." ಅವರ ಕೈ ಆಗ ನಡುಗಲು ಶುರುವಾಗಿತ್ತು.

ಆ ನಡುಕ ನಿಲ್ಲಲೇ ಇಲ್ಲ. ಅಕ್ಕ ಮತ್ತೆ ನನ್ನ ಜೊತೆ ಬರಲಿಲ್ಲ. ಮೊದಮೊದಲು ಮಂಡಿನೋವು ಎಂದರು. ಆಮೇಲೆ ಪೇಟೆಗೂ ಹೋಗುವುದನ್ನು ಬಿಟ್ಟರು. ಬೀದಿಯಲ್ಲಿ ಲಾರಿ ಹಾದರೆ ಗೋಡೆ ಹಿಡಿಯುತ್ತಿದ್ದರು. ಟಿವಿಯ ಮುಂದೆ ಕೂತರೆ, ಪರದೆ ಕಪ್ಪಾಗಿ ಶತ್ರು ಬರುವ ಹೊತ್ತಿಗೆ ಸ್ವಿಚ್ಚು ಆರಿಸಿಬಿಡುತ್ತಿದ್ದರು. ನಾನು ದಿನವೂ ಆ ದಾರಿಯಲ್ಲಿ ನಡೆದೆ, ನಾಲ್ಕು ಕಡೆಯೂ ನಿಂತೆ. ಮನೆಗೆ ಬಂದ ಮೇಲೆ ಅವರ ಪಕ್ಕ ಕೂತು ಅವರ ಬದಲಿಗೆ ಆಡಿದೆ. ಆ ಸರಣಿಯಲ್ಲಿ ಒಂದು ಆಟವಿದೆ, ತಮ್ಮ ಆಮೇಲೆ ತಂದುಕೊಟ್ಟ ಬೂದು ಡಬ್ಬಿಯದು. ಅದರಲ್ಲಿ ಸಣ್ಣ ಹುಡುಗನೊಬ್ಬ ಬೆಳೆದು, ಮದುವೆಯಾಗಿ, ತಂದೆಯಾಗುತ್ತಾನೆ. ಅದು ಶುರುವಾಗುವುದು ಹಡಗಿನ ಮೇಲೆ, ಅಪ್ಪನ ಜೊತೆ. ಹಡಗಿನಲ್ಲಿ ಶತ್ರುಗಳಿಲ್ಲ. ಅಕ್ಕನಿಗೆ ಆ ಹಡಗೊಂದೇ ಸಾಕಾಗಿತ್ತು. "ದಡಕ್ಕೆ ಇಳಿಸಬೇಡ, ಇಲ್ಲೇ ಇನ್ನೊಂದು ಸುತ್ತು ಹಾಕು" ಎನ್ನುತ್ತಿದ್ದರು. ನಾನು ಆ ಹುಡುಗನನ್ನು ಹಡಗಿನ ಮೇಲೆ ಎಷ್ಟು ಸುತ್ತು ಹಾಕಿಸಿದೆನೋ.

ಒಂದು ಸಲ, ಆಟ ನಡೆಯುತ್ತಿದ್ದಾಗಲೇ ಅವರಿಗೆ ಹೇಳಿದೆ: "ಅಕ್ಕ, ಆವತ್ತು ನಂದೇ ತಪ್ಪು ಅಂತ ಲೈನಿನವರಿಗೆ ಹೇಳ್ತೀನಿ." ಅವರು ಹೌಹಾರಿ ನನ್ನ ಕೈ ಹಿಡಿದರು. "ಬೇಡ. ಮಕ್ಕಳ್ನ ಕಳಿಸದು ಬಿಟ್ಬಿಡ್ತಾರೆ. ನಾನು ಇರತನಕ ಬೇಡ."

ಎರಡು ವರ್ಷದ ಮೇಲೆ ಆಷಾಢದ ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ ಫೋನು ಬಂತು. ಕುರ್ಚಿಯಲ್ಲಿ ಕೂತ ಹಾಗೇ ಅಕ್ಕನ ಹೃದಯ ನಿಂತಿತ್ತು. ನಾನು ಬೇಗ ಮನೆಗೆ ಹೋಗಬೇಕಿತ್ತು. ಆದರೂ ಮಕ್ಕಳನ್ನು ಕರೆದುಕೊಂಡು, ನಾಲ್ಕು ಕಡೆಯೂ ನಿಂತು, ಹತ್ತತ್ತು ನಿಮಿಷ ಕಾದು ಕೆಳಗಿಳಿದೆ.

ಮರುವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಎದ್ದು ನಿಂತೆ. ಆ ದಿನ ಅಕ್ಕ ನಿಲ್ಲು ಎಂದಿದ್ದರು, ನಾನೇ ಕೈ ಬಿಡಿಸಿಕೊಂಡು ಹೋದೆ, ಬೈಗುಳ ಅವರು ತಿಂದರು ಎಂದು ಹೇಳಿ ಮುಗಿಸಿದೆ. ನಾಳೆಯಿಂದ ಮಕ್ಕಳು ಬರುವುದಿಲ್ಲ ಎಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ತಾಯಿ, ಮಡಿಲಲ್ಲಿದ್ದ ಕೂಸಿನ ಟೋಪಿ ಸರಿಮಾಡುತ್ತ ಹೇಳಿದಳು:

"ನಮ್ಗೆ ಗೊತ್ತು ಟೀಚರಮ್ಮ. ಮಕ್ಳು ಆವತ್ತೇ ಹೇಳಿದ್ವು. ಆ ಅಕ್ಕ ಮಾರನೇ ದಿನ ನೀವು ಬರೋಕೆ ಮುಂಚೆನೇ ಲೈನಿಗೆ ಬಂದ್ರು. ಅಷ್ಟು ನಡುಗ್ತಿದ್ರೂ ಬಂದ್ರು. ಒಂದೊಂದು ಮನೆ ಬಾಗಿಲಿಗೂ ನಿಂತು, ಟೀಚರ್ ಇನ್ನು ಯಾವತ್ತೂ ಅವಸರ ಮಾಡಲ್ಲ, ಮಕ್ಳನ್ನ ಕಳ್ಸಿ ಅಂದ್ರು. ಅದಕ್ಕೇ ಕಳ್ಸಿದ್ವಿ."