ಅರೆಪಾವು ಹೆಂಡ

ನನ್ನ ಯಜಮಾನರಾದ ಇನ್ನಾಸಪ್ಪನವರಿಗೆ ಮೋಟಾರು ಓಡಿಸುವ ಲೈಸೆನ್ಸು ಮತ್ತೆ ಕೊಡುವುದಿಲ್ಲವೆಂದು ಈ ವರ್ಷ ಕಚೇರಿಯಿಂದ ಉತ್ತರ ಬಂತು. ಹಿಂದೆ ಅವರು ಹುಣಸೂರಿನ ಬಸ್ಸು ಓಡಿಸುತ್ತಿದ್ದರು. ಕುಡಿದು ಬಸ್ಸನ್ನು ಹಳ್ಳಕ್ಕೆ ಇಳಿಸಿದ್ದರಿಂದ ಲೈಸೆನ್ಸು ಹೋಗಿತ್ತು. ಯಾರೂ ಸಾಯಲಿಲ್ಲ. ಅಂದಿನಿಂದ ಅವರು ಕುಡಿತ ಮುಟ್ಟಿಲ್ಲ. ಬಸ್ಸು ತೊಳೆಯುವ ಕೆಲಸ ಮಾಡಿಕೊಂಡಿದ್ದರು. ಆದರೆ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಮುನ್ನಾದಿನ ಕೆಸರೆಯ ಹೆಂಡದಂಗಡಿಯ ಮುಂದೆ ಅವರು ನಿಂತಿದ್ದನ್ನು ಪೊಲೀಸ್ ಪೇದೆಯೊಬ್ಬರು ಕಂಡಿದ್ದರು; ಕಚೇರಿಯವರು ಕೇಳಿದಾಗ ಹಾಗೆಂದೇ ಹೇಳಿದ್ದರು.

ನಿಂತಿದ್ದು ನಿಜ. ಕಳಿಸಿದವಳು ನಾನು. ಹಬ್ಬದ ಆಪ್ಪದ ಹಿಟ್ಟು ಉಬ್ಬಲು ಸ್ವಲ್ಪ ಹೆಂಡ ಬೆರೆಸುವುದು ನಮ್ಮ ಮನೆಗಳ ರೂಢಿ. ಅವರು ಹೊಸ್ತಿಲು ದಾಟಿದ ಮೇಲೆ, ಯಾರನ್ನು ಎಲ್ಲಿಗೆ ಕಳಿಸಿದೆ ಎಂದು ಹೊಳೆಯಿತು. ಮರಳಿ ಬಂದಾಗ ನಾನು ಮೊದಲು ನೋಡಿದ್ದು ಚೊಂಬನ್ನಲ್ಲ, ಅವರ ಕಣ್ಣನ್ನು.

ಹೆಂಡ ಆಪ್ಪಕ್ಕೆಂದು ಬರೆದು ಮೇಲಧಿಕಾರಿಗಳಿಗೆ ಮನವಿ ಸಲ್ಲಿಸಿದೆವು. ಲೈಸೆನ್ಸು ಸಿಗದಿದ್ದರೆ ಎಂಬ ಭಯ ಒಂದು. ಆ ನೋವಿಗೆ ಅವರು ಮತ್ತೆ ಕುಡಿದರೆ ಎಂಬ ಭಯ ಅದಕ್ಕಿಂತ ದೊಡ್ಡದು. "ಕುಡೀದೇ ಇದ್ರೂ ಕುಡುಕ್ನೇ ಅಂದ್ಮೇಲೆ..." ಎಂದು ಒಂದು ಸಂಜೆ ಅವರು ಮಾತನ್ನು ಅರ್ಧಕ್ಕೆ ಬಿಟ್ಟರು. ನಾನು ಸಂತ ಅಂತೋಣಿಯವರ ಮುಂದೆ ಮೊಣಕಾಲೂರಿ, ಆ ಪೇದೆ ವಿಚಾರಣೆಗೆ ಬಾರದಿರಲಿ ಎಂದು ಬೇಡಿದೆ.

ವಿಚಾರಣೆಯ ದಿನ ಆ ಪೇದೆ ನಮಗಿಂತ ಮೊದಲೇ ಕಚೇರಿಗೆ ಬಂದಿದ್ದರು.

"ಪೂಜೇಲಿ ದ್ರಾಕ್ಷಾರಸ, ಅಡಿಗೇಲಿ ಹೆಂಡ. ಬಸ್ಸಿಗಾದ್ರೂ ಪೆಟ್ರೋಲ್ ಹಾಕ್ತೀಯೇನಪ್ಪ?" ಎಂದು ಗುಮಾಸ್ತರು ಯಜಮಾನರನ್ನು ಕೆಣಕಿದರು.

"ಆಪ್ಪಕ್ಕೆ ನಾನೇ ತರಿಸಿದ್ದು ಸ್ವಾಮಿ" ಎಂದೆ.

"ಹೆಂಡ್ತೀರು ಹೇಳೋದೇ ಹಿಂಗೆ" ಎಂದ ಅಧಿಕಾರಿಗಳು ಪೇದೆಯ ಕಡೆ ತಿರುಗಿದರು. "ನೀನು ಕಂಡಿದ್ದೇನು?"

"ಇವ್ರು ಅಂಗಡಿ ಒಳೀಕೆ ಹೋಗ್ನಿಲ್ಲ ಸ್ವಾಮಿ. ಹೊರಗಿಂದ್ಲೇ ಚೊಂಬು ಕೊಟ್ರು."

"ಎಷ್ಟು ಹಾಕಿಸ್ಕೊಂಡ?"

"ಅರೆಪಾವು. ಅಂಗಡಿಯವ್ನೇ ನಕ್ಬುಟ್ಟ. 'ಇದೇನಣ್ಣ, ತೊಟ್ಲು ಕೂಸಿಗಾ?' ಅಂದ."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೆಂಡದಂಗಡಿ ತಾವ ಕಂಡ್ಯಾ ಅಂದ್ರು, ಕಂಡೆ ಅಂದೆ. ಎಷ್ಟು ಅಂತ ಯಾರೂ ಕೇಳ್ನಿಲ್ಲ."

ಅಧಿಕಾರಿಗಳು ಗುಮಾಸ್ತರತ್ತ ನೋಡಿದರು. "ಅರೆಪಾವಿಗೋಸ್ಕರ ಕೆಸರೆವರ್ಗೂ ನಡ್ಯೋ ಕುಡುಕನ್ನ ನಾನಂತೂ ಕಂಡಿಲ್ಲ ಕಣ್ರೀ." ಲೈಸೆನ್ಸು ಕೊಡಲು ಅಲ್ಲೇ ಹುಕುಂ ಮಾಡಿದರು. ಇನ್ನೊಂದು ದೂರು ಬಂದರೆ ಜನ್ಮಕ್ಕೆ ಸಿಗದೆಂದೂ ಹೇಳಿದರು.

ಬಾರದಿರಲಿ ಎಂದು ನಾನು ಬೇಡಿದ ಮನುಷ್ಯನ ಬಾಯಿಂದಲೇ ನಮಗೆ ಬಿಡುಗಡೆ ಬಂತು. ಅವರು ನಮ್ಮ ಧರ್ಮದವರಲ್ಲ. ಇದನ್ನು ಓದುವ ವಿಶ್ವಾಸಿಗಳು ಅವರ ಮನೆಯವರಿಗಾಗಿಯೂ ಒಂದು ಪ್ರಾರ್ಥನೆ ಹೇಳಬೇಕೆಂದು ಕೋರುತ್ತೇನೆ.

ಭಯ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಹುಣಸೂರಿನ ಬಸ್ಸು ತಡವಾದ ಸಂಜೆ ಈಗಲೂ ಬಾಗಿಲಲ್ಲಿ ನಿಲ್ಲುತ್ತೇನೆ. ಅವರನ್ನು ಮನೆಗೆ ಕರೆತನ್ನಿ ಎಂದು ಸಂತರನ್ನು ಬೇಡುತ್ತೇನೆ. ಯಾವ ದಾರಿಯಲ್ಲಿ ಎಂದು ಹೇಳಿಕೊಡುವುದನ್ನು ಬಿಟ್ಟಿದ್ದೇನೆ.